ಕಾಯಕವಿಲ್ಲದ ಕಮಿಷನ್



ವಕ್ಕಲೇರಿಯ ಭಕ್ತರ ಮನೆಯ ತರುಣನೊಬ್ಬನು ಹನಿ ನೀರಾವರಿಯ ಸಾಮಾನುಗಳನ್ನು ತನ್ನ ತೋಟದಲ್ಲಿ ಬಳಸಿ ನೋಡಿ, ಯಾವುದು ಬಾಳಿಕೆ ಬರುವುದೆಂದು ಯೂಟ್ಯೂಬಿನಲ್ಲಿ ತಿಳಿಸುತ್ತಾನೆ. ಅವನು ಕೊಟ್ಟ ಲಿಂಕಿನಿಂದ ಯಾರಾದರೂ ಕೊಂಡರೆ ಅಂಗಡಿಯವರು ಅವನಿಗೆ ಕಮಿಷನ್ ಕೊಡುತ್ತಾರೆ. "ಇದು ಕಾಯಕವೆನಿಸುತ್ತದೆಯೇ ಸಾರ್?" ಎಂದು ಅವನು ನನ್ನನ್ನು ಕೇಳಿದನು.

ಕಮಿಷನ್ ಎಂಬ ಮಾತು ನಮ್ಮ ಸೀಮೆಗೆ ಹೊಸದಲ್ಲ. ಕೋಲಾರದ ಎ.ಪಿ.ಎಂ.ಸಿ.ಯಲ್ಲಿ 15 ಕೆ.ಜಿ.ಯ ಟೊಮೆಟೊ ಬಾಕ್ಸುಗಳು ಹರಾಜಾಗುವಾಗ ಮಂಡಿಯವನು ರೈತನಿಗೂ ವ್ಯಾಪಾರಿಗೂ ನಡುವೆ ನಿಲ್ಲುತ್ತಾನೆ. ಅವನು ಪಾಲು ಹೆಚ್ಚಾಗಿ ಹಿಡಿದರೆ ರೈತನು ಎದುರಿಗೇ ಜಗಳವಾಡಬಹುದು. ಏಕೆಂದರೆ ಆ ದಲ್ಲಾಳಿ ಕಣ್ಣಿಗೆ ಕಾಣುತ್ತಾನೆ.

ಕಂಪ್ಯೂಟರಿನ ಬ್ರೌಸರಿನಲ್ಲಿ ಸೇರಿಕೊಳ್ಳುವ ಕೂಪನ್ ಎಕ್ಸ್‌ಟೆನ್ಷನ್ನಾದರೋ ಕಾಣದ ದಲ್ಲಾಳಿ. ಗಿರಾಕಿಯನ್ನು ಕರೆತಂದವರು ಯಾರೆಂಬುದನ್ನು ಕುಕೀ ಎಂಬ ಗುರುತು ಅಂಗಡಿಗೆ ತಿಳಿಸುತ್ತದೆ. ಸಾಮಾನ್ಯವಾಗಿ ಕಡೆಯ ಗುರುತು ಯಾರದೋ ಹಣ ಅವರದು. ಪೇಪಾಲ್ ಕಂಪನಿಗೆ ಸೇರಿದ 'ಹನಿ' ಎಂಬ ಎಕ್ಸ್‌ಟೆನ್ಷನ್, ಕೂಪನ್ ದೊರೆಯದಿದ್ದರೂ ಹಣ ಕಟ್ಟುವ ಕೊನೆಯ ಗಳಿಗೆಯಲ್ಲಿ ಬೇರೆಯವರ ಗುರುತನ್ನು ತೆಗೆದು ತನ್ನದನ್ನು ಇಡುತ್ತದೆಂದು ಮೆಗಾಲ್ಯಾಗ್ ಎಂಬ ಯೂಟ್ಯೂಬರ್ 2024ರ ಡಿಸೆಂಬರಿನಲ್ಲಿ ಆರೋಪಿಸಿದರು. ಇದು ಉದ್ಯಮದ ವಾಡಿಕೆಯೇ ಎಂಬುದು ಕಂಪನಿಯ ಉತ್ತರ. ಅಮೆರಿಕದಲ್ಲಿ ಮೊಕದ್ದಮೆಗಳು ಹೂಡಲ್ಪಟ್ಟವು. ಬಳಕೆದಾರನಿಗೆ ಪ್ರಯೋಜನವಾಗದೆ ಕಮಿಷನ್ ಲಿಂಕು ಸೇರಿಸಕೂಡದೆಂದು ಗೂಗಲ್ 2025ರ ಮಾರ್ಚಿನಲ್ಲಿ ಕ್ರೋಮ್ ಎಕ್ಸ್‌ಟೆನ್ಷನ್‌ಗಳಿಗೆ ನಿಯಮ ಬಿಗಿಗೊಳಿಸಿತು.

ವಾಡಿಕೆಯಾದ ಮಾತ್ರಕ್ಕೆ ಅದು ಧರ್ಮವಾದೀತೇ? ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದು ಆಯ್ದಕ್ಕಿ ಮಾರಯ್ಯನವರ ಕಾಯಕ. ಒಮ್ಮೆ ಅವರು ಎಂದಿಗಿಂತ ಹೆಚ್ಚು ತಂದಾಗ ಲಕ್ಕಮ್ಮನವರು ಒಪ್ಪದೆ, ಹೆಚ್ಚಿನದನ್ನು ಮರಳಿ ಸುರಿದು ಬನ್ನಿರೆಂದರೆಂಬುದು ಶರಣ ಪರಂಪರೆಯ ಮಾತು. ನೆಲಕ್ಕೆ ಬಿದ್ದ ಅಕ್ಕಿಗೇ ಆ ತಾಯಿಯ ಲೆಕ್ಕ ಅಷ್ಟು ನಿಷ್ಠುರವಾಗಿತ್ತು. ಇಲ್ಲಿರುವುದು ಚೆಲ್ಲಿದ ಅಕ್ಕಿಯಲ್ಲ, ಮತ್ತೊಬ್ಬನು ಆಯ್ದು ಕಟ್ಟಿದ ಗಂಟು. ಕೂಪನ್ ಹುಡುಕಿಕೊಟ್ಟು ಬೆಲೆ ಇಳಿಸಿದರೆ ಅದೂ ದುಡಿಮೆಯೇ ಸರಿ. ಏನನ್ನೂ ಕೊಡದೆ ಗುರುತು ಬದಲಿಸುವುದು ಮಾತ್ರ ಕಾಯಕವಲ್ಲ.

ಆದ್ದರಿಂದ ಆ ತರುಣನಿಗೆ ಹೇಳಿದೆ: ನೀನು ಬಳಸಿ ನೋಡಿದ್ದನ್ನೇ ಹೇಳು. ಕಮಿಷನ್ ಹೆಚ್ಚೆಂದು ಕಳಪೆಯನ್ನು ಹೊಗಳಬೇಡ. ನಿನಗೆ ಹಣ ಬರುತ್ತದೆಂಬುದನ್ನು ಮೊದಲೇ ತಿಳಿಸು. ಇಂಥ ಸಂಬಂಧವನ್ನು ಪ್ರಕಟಿಸಬೇಕೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರದ 2022ರ ಮಾರ್ಗಸೂಚಿಯೂ ಹೇಳುತ್ತದೆ. ಹೀಗಿದ್ದರೆ ಆ ಹಣ ನಿನ್ನ ಬೆವರಿನದೇ.

ಕೊಳ್ಳುವ ನಮಗೂ ಹೊಣೆಯುಂಟು. ಒಬ್ಬರ ಮಾತು ನಂಬಿ ಕೊಳ್ಳುವಾಗ ಎಕ್ಸ್‌ಟೆನ್ಷನ್ ನಿಲ್ಲಿಸಿ, ಅವರ ಲಿಂಕಿನಿಂದಲೇ ಹೋಗೋಣ. ನಮಗೆ ಉಳಿಯುವ ಹತ್ತು ರೂಪಾಯಿ ಯಾರ ಕೂಲಿಯಿಂದ ಬಂದಿತೆಂದು ಕೇಳಿಕೊಳ್ಳುವುದೂ ಶರಣರು ಕಲಿಸಿದ ಎಚ್ಚರವೇ ಆಗಿದೆ.