ಟಮಾಟೆ ಹೆಚ್ಚಾದಾಗ

ಟಮಾಟೆ ಬಂದರೆ ಎಲ್ಲರ ಮನೆಗೂ ಒಮ್ಮೆಲೇ ಬರುತ್ತದೆ, ಇಲ್ಲದಿದ್ದರೆ ಯಾರ ಮನೆಯಲ್ಲೂ ಇರುವುದಿಲ್ಲ. ಭಾಲ್ಕಿಯ ನಮ್ಮ ಹಿತ್ತಲಲ್ಲಿ ದಾದಿ ದೀಪಾವಳಿ ಹೊತ್ತಿಗೆ 12 ಸಸಿ ನೆಟ್ಟಿದ್ದರು. ಆಡಿನ ಗೊಬ್ಬರ ಮತ್ತು ಅಕ್ಕಿ ತೊಳೆದ ನೀರು ಬಿಟ್ಟು ಬೇರೆ ಖರ್ಚಿಲ್ಲ. ಫೆಬ್ರವರಿ ಬಂದಾಗ ದಿನಕ್ಕೆ ಒಂದು ಪುಟ್ಟಿ ಹಣ್ಣು. ಅಬ್ಬಾ ಒಂದು ದಿನ ಪೇಟೆಗೆ ಒಯ್ದರು. ವ್ಯಾಪಾರಿ ಹೇಳಿದ ರೇಟಿಗೆ ಆಟೋ ಬಾಡಿಗೆಯೂ ಹುಟ್ಟಲಿಲ್ಲ. ಆದರೆ ಇದೇ ಟಮಾಟೆ 2023ರ ಜುಲೈನಲ್ಲಿ ಕಿಲೋಗೆ 100 ರೂಪಾಯಿ ದಾಟಿತ್ತು. ಆ ತಿಂಗಳು ನಮ್ಮ ಅಡಿಗೆಯಲ್ಲಿ ಬರೀ ಹುಣಸೆಹಣ್ಣೇ.

ಅದು ನೆನಪಿದ್ದ ದಾದಿ, ಪುಟ್ಟಿ ವಾಪಸ್ ಬಂದದ್ದನ್ನು ನೋಡಿ, "ಫೇಕೋ ನಕ್ಕೋ" ಎಂದರು. ಬಿಸಾಡಬೇಡಿ ಎಂದರ್ಥ. ಅನ್ನ ಹಾಳು ಮಾಡುವುದು ಇಸ್ರಾಫ್, ಅದು ದೊಡ್ಡವರಿಗೂ ಬಡವರಿಗೂ ಒಂದೇ ತಪ್ಪು ಎಂದು ಅವರು ನಂಬುತ್ತಾರೆ.

ಮೊದಲು ಅಕ್ಕಪಕ್ಕ ಹಂಚಿದೆವು. ಪಕ್ಕದ ಮನೆಯ ಕಾಕು ಖಾಲಿ ಬಟ್ಟಲು ಕೊಡುವವರಲ್ಲ, ಶೇಂಗಾ ಹಿಂಡಿ ತುಂಬಿ ಕಳಿಸಿದರು. ಮೆತ್ತಗಾದ ಹಣ್ಣುಗಳಿಂದ ಅಮ್ಮಿ ಟಮಾಟೆ ಕಟ್ ಮಾಡಿದರು: ಬೇಯಿಸಿ ಸೋಸಿದ ರಸಕ್ಕೆ ಹುರಿದ ಕಡಲೆಹಿಟ್ಟು, ಮೇಲೆ ಜೀರಿಗೆ, ಬೆಳ್ಳುಳ್ಳಿ, ಕರಿಬೇವಿನ ಒಗ್ಗರಣೆ, ಒಳಗೆ ಬೇಯಿಸಿದ ಮೊಟ್ಟೆ. ಕೆಲವನ್ನು ಬಿಲ್ಲೆಯಾಗಿ ಕೊಯ್ದು ಉಪ್ಪು ಸವರಿ ಮಾಳಿಗೆ ಮೇಲೆ ಒಣಗಿಸಿದೆವು. ಟಮಾಟೆಯಲ್ಲಿ ನೂರಕ್ಕೆ 94–95 ಭಾಗ ನೀರು. ಹಾಗಾಗಿ ಒಂದು ಕಿಲೋ ಒಣಗಿದರೆ ಉಳಿಯುವುದು ಒಂದು ಹಿಡಿ.

ಗಟ್ಟಿ ಹಣ್ಣೆಲ್ಲ ಅಚಾರಿಗೆ. ದಾದಿಯ ಅಳತೆ ಯಾವಾಗಲೂ ಮುಷ್ಟಿ ಮತ್ತು ಚಿಟಿಕೆ. ಅವರಿಗೆ ಈಗ ಕಣ್ಣು ಮಂಜು. ಅವರ ಮುಷ್ಟಿಯನ್ನು ನಾನು ತಕ್ಕಡಿಗೆ ಹಾಕಿ ಬರೆದುಕೊಂಡೆ. ಒಂದು ಕಿಲೋ ಟಮಾಟೆಗೆ 100 ಗ್ರಾಂ ಉಪ್ಪು, 100 ಗ್ರಾಂ ಹುಣಸೆ, 100 ಗ್ರಾಂ ಖಾರದ ಪುಡಿ, ಒಂದು ಚಮಚ ಹುರಿದ ಮೆಂತ್ಯದ ಪುಡಿ, ಕಾಲು ಲೀಟರ್ ಎಣ್ಣೆ. ತೊಳೆದು ಒರೆಸಿ ಕೊಯ್ದ ಹಣ್ಣಿಗೆ ಉಪ್ಪು, ಅರಿಶಿನ ಬೆರೆಸಿ ಮರ್ತಬಾನಿನಲ್ಲಿ ಎರಡು ದಿನ ಮುಚ್ಚಿಡಬೇಕು. ಮೂರನೇ ದಿನ ಹೋಳು ಹಿಂಡಿ ಬಿಸಿಲಿಗೆ ಹಾಕಿ, ಉಳಿದ ರಸದಲ್ಲಿ ಹುಣಸೆ ನೆನೆಸಬೇಕು. ಹೋಳು ಒಣಗಿದ ಮೇಲೆ ಎರಡನ್ನೂ ಕೂಡಿಸಿ ಅರೆದು, ಖಾರ, ಮೆಂತ್ಯ ಬೆರೆಸಿ, ಸಾಸಿವೆ–ಬೆಳ್ಳುಳ್ಳಿಯ ಒಗ್ಗರಣೆ ಆರಿಸಿ ಹಾಕಬೇಕು.

ಇದರಲ್ಲಿ ನಮ್ಮ ಜೀವಶಾಸ್ತ್ರದ ಪಾಠವೇ ಇದೆ. ಉಪ್ಪು ಆಸ್ಮೋಸಿಸ್‌ನಿಂದ ಹಣ್ಣಿನ ನೀರನ್ನು ಹೊರಗೆಳೆಯುತ್ತದೆ, ಸೂಕ್ಷ್ಮಜೀವಿಗಳ ನೀರನ್ನೂ ಬಿಡುವುದಿಲ್ಲ. ಎಣ್ಣೆ ಗಾಳಿಯನ್ನು ತಡೆಯುವುದರಿಂದ ಬೂಸ್ಟು ಬರುವುದಿಲ್ಲ. ಆದರೆ ಗಾಳಿ ಇಲ್ಲದ ಕಡೆಯೇ ಬೆಳೆಯುವ ಕ್ಲಾಸ್ಟ್ರಿಡಿಯಮ್ ಬಾಟುಲಿನಮ್ ಎಂಬ ಬ್ಯಾಕ್ಟೀರಿಯಾ ಇದೆ, ಅದರ ವಿಷ ಪ್ರಾಣ ತೆಗೆಯಬಲ್ಲದು. ಪಿಎಚ್ 4.6ಕ್ಕಿಂತ ಕೆಳಗಿದ್ದರೆ ಅದು ಬೆಳೆಯದು. ಟಮಾಟೆಯ ಹುಳಿ ಒಮ್ಮೊಮ್ಮೆ ಈ ಗಡಿಯ ಹತ್ತಿರವೇ ಇರುತ್ತದೆ. ಹುಣಸೆ ಅದನ್ನು ಕೆಳಗಿಳಿಸುತ್ತದೆ. ರುಚಿಗೆ ಸಾಕು ಎಂದು ಹುಣಸೆ ಕಡಿಮೆ ಮಾಡಿದರೆ ದಾದಿ ಯಾಕೆ ಬೈಯುತ್ತಾರೆಂದು ಈಗ ತಿಳಿಯಿತು.

2025ರಲ್ಲಿ ಮಾರ್ಚ್ 1ಕ್ಕೆ ಸೆಕೆಂಡ್ ಪಿಯು ಪರೀಕ್ಷೆ, ಮರುದಿನವೇ ರಂಜಾನ್ ಮೊದಲ ರೋಜಾ. ಆಪಾ ರಾತ್ರಿ ಓದಿ ಸೆಹರಿಗೆ ಏಳುತ್ತಿದ್ದಳು. ಅಮ್ಮಿಗೆ ಆ ಹೊತ್ತಿನಲ್ಲಿ ಸಾಲನ್ ಮಾಡುವ ಕೆಲಸ ಉಳಿಯಿತು. ಬಿಸಿ ರೊಟ್ಟಿ, ಮೊಸರು, ಒಂದು ಚಮಚ ಅಚಾರು, ಸಾಕು. ಔರಾದಿನಿಂದ ಬಂದು ಬೀದರಿನ ಹಾಸ್ಟೆಲಿನಲ್ಲಿದ್ದ ಅವಳ ಗೆಳತಿಗೂ ಒಂದು ಬಾಟಲಿ ಹೋಯಿತು. ಆ ರೂಮಿನಲ್ಲಿ ರೋಜಾ ಇಟ್ಟವರೂ ಇಡದವರೂ ಸೇರಿ ಹತ್ತೇ ದಿನದಲ್ಲಿ ಅದನ್ನು ಮುಗಿಸಿದರಂತೆ.

ಬೆಲೆ ಏರಿಳಿಯುವುದು ನಮ್ಮ ಕೈಯಲ್ಲಿಲ್ಲ. ಒಣ ಚಮಚ, ಸ್ವಚ್ಛ ಬಾಟಲಿ, ನಾಲ್ಕು ದಿನದ ಬಿಸಿಲು ನಮ್ಮ ಕೈಯಲ್ಲಿವೆ. ನಿಮ್ಮ ಮನೆಯ ದಾದಿ, ನಾನಿ, ಅಜ್ಜಿಯರ ಮುಷ್ಟಿಯನ್ನೂ ಒಮ್ಮೆ ತೂಗಿ ಬರೆದಿಡಿ. ಮುಂದಿನ ಸಂಚಿಕೆಗೆ ಕೊಟ್ಟರೆ ನಾವೂ ಮಾಡಿ ನೋಡುತ್ತೇವೆ.