ಬೇಸಿಗೆಯಲ್ಲೂ ನಿಲ್ಲದಿರಲಿ ಹೆಣಿಗೆ

ಬೇಸಿಗೆ ಬಂತೆಂದರೆ ನಮ್ಮ ಮನೆಗಳಲ್ಲಿ ಮಾವಿನಕಾಯಿ ಉಪ್ಪಿನಕಾಯಿಯಾಗುತ್ತದೆ, ಅಕ್ಕಿಹಿಟ್ಟು ಸಂಡಿಗೆಯಾಗುತ್ತದೆ, ಮಾಳಿಗೆಯ ಮೇಲೆ ಹಪ್ಪಳ ಒಣಗುತ್ತದೆ. ಮಳೆಗಾಲಕ್ಕೆ ಬೇಕಾದುದನ್ನು ಬಿಸಿಲಿನಲ್ಲೇ ಮಾಡಿಡಬೇಕೆಂದು ಯಾವ ಗೃಹಿಣಿಗೂ ಹೇಳಿಕೊಡಬೇಕಾಗಿಲ್ಲ. ಆದರೆ ಉಲ್ಲನ್ ವಿಷಯದಲ್ಲಿ ಮಾತ್ರ ಈ ಜಾಣ್ಮೆ ನಮಗೆ ಮರೆತುಹೋಗುತ್ತದೆ. ಜನವರಿಯಲ್ಲಿ ಉತ್ಸಾಹದಿಂದ ಆರಂಭಿಸಿದ ಸ್ವೆಟರ್ ಮಾರ್ಚ್ ಹೊತ್ತಿಗೆ ಅರ್ಧಕ್ಕೆ ನಿಂತು, ಸೂಜಿಗಳ ಸಮೇತ ಕಪಾಟು ಸೇರುತ್ತದೆ. ಮತ್ತೆ ಅದು ಹೊರಗೆ ಬರುವುದು ನವೆಂಬರಿನ ಮೊದಲ ಚಳಿಗೆ. ಅಷ್ಟರಲ್ಲಿ ಅಳತೆ ಕೊಟ್ಟಿದ್ದ ಮಗು ಎರಡಂಗುಲ ಬೆಳೆದಿರುತ್ತದೆ!

ನಾನು ಹೆಣಿಗೆ ಕಲಿತದ್ದು ಹುಡುಗಿಯರ ಮದ್ರಸದ ಹಾಸ್ಟೆಲಿನಲ್ಲಿ. ಅಸರ್ ನಮಾಝಿನ ಬಳಿಕ ನಮ್ಮ ಆಪಾ ಎರಡು ಸಲಾಯಿ ಕೊಟ್ಟು, "ಒಂದು ಸೀದಾ, ಒಂದು ಉಲ್ಟಾ" ಎಂದು ಲೆಕ್ಕ ಹಾಕಿಸುತ್ತಿದ್ದರು. ಮುಂದೆ ಬಿ.ಎ. ಮುಗಿಸಿದೆ, ಮದುವೆಯಾಗಿ ಬೊಮ್ಮಸಂದ್ರಕ್ಕೆ ಬಂದೆ, ಶಿಕ್ಷಕಿಯಾದೆ. ಶಿಕ್ಷಕಿಯರಿಗೆ ಬಿಡುವು ಸಿಗುವುದು ಏಪ್ರಿಲ್, ಮೇ ತಿಂಗಳಿನಲ್ಲಿ. ಕೈಗೆ ಬಿಡುವಿರುವ ಆ ದಿನಗಳಲ್ಲೇ ಉಲ್ಲನ್ ಮುಟ್ಟಲು ಮನಸ್ಸಾಗುವುದಿಲ್ಲ. ಮನಸ್ಸಾಗುವ ಡಿಸೆಂಬರಿನಲ್ಲಿ ಪಾಠ, ಪರೀಕ್ಷೆ, ಉತ್ತರ ಪತ್ರಿಕೆಗಳ ರಾಶಿ.

ಬೆಂಗಳೂರು ತಂಪಿನ ಊರೆಂಬ ಮಾತೂ ಈಗ ಹಳೆಯದಾಗುತ್ತಿದೆ. 2016ರ ಏಪ್ರಿಲ್‌ನಲ್ಲಿ ನಗರದ ತಾಪಮಾನ 39.2 ಡಿಗ್ರಿ ತಲುಪಿತ್ತು. 2024ರ ಏಪ್ರಿಲ್‌ನಲ್ಲಿ 38.5 ಡಿಗ್ರಿ, ಆ ವರ್ಷ ಎಷ್ಟೋ ಕೊಳವೆಬಾವಿಗಳೂ ಬತ್ತಿಹೋದವು. ಹೊಸೂರು ರಸ್ತೆಯ ಪಕ್ಕದ ನಮ್ಮ ಕೈಗಾರಿಕಾ ಪ್ರದೇಶದಲ್ಲಂತೂ ಮರಕ್ಕಿಂತ ಕಾಂಕ್ರೀಟೇ ಹೆಚ್ಚು. ಕಾರ್ಮಿಕ ಕುಟುಂಬಗಳು ಬಾಡಿಗೆಗಿರುವ ಶೀಟು ಮನೆಗಳಲ್ಲಿ ಮಧ್ಯಾಹ್ನ ಕುಳಿತಿರುವುದೇ ಕಷ್ಟ. ಅಂಥಲ್ಲಿ ತೊಡೆಯ ಮೇಲೆ ಸ್ವೆಟರ್ ಇಟ್ಟುಕೊಂಡು ಹೆಣೆಯಿರಿ ಎಂದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ?

ಹಾಗಿದ್ದರೂ ಈ ಮಾತು ಹೇಳಲು ಒಂದು ಕಾರಣವಿದೆ. ನಮ್ಮ ಓಣಿಯ ಒಬ್ಬ ಸಹೋದರಿ ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದರು. ಎರಡನೇ ಹೆರಿಗೆಯ ನಂತರ ಮಗುವನ್ನು ನೋಡಿಕೊಳ್ಳುವವರಿಲ್ಲದೆ ಕೆಲಸ ಬಿಟ್ಟರು. ಗಂಡ ಆಟೋ ಓಡಿಸುತ್ತಾರೆ. ನಮ್ಮ ಮನೆಯಲ್ಲಿ ನಾಲ್ಕೈದು ಮಂದಿ ಸೇರಿ ಹೆಣೆಯುವುದನ್ನು ನೋಡಿ ಅವರೂ ಬಂದು ಕಲಿತರು. ಹಸುಗೂಸುಗಳ ಸ್ವೆಟರ್, ಟೋಪಿ, ಕಾಲುಚೀಲದ ಸೆಟ್ಟಿಗೆ ಅಕ್ಕಪಕ್ಕದವರು 400 ರೂಪಾಯಿ ಕೊಡಲು ಸಿದ್ಧರಿದ್ದರು. ಮೊದಲ ವರ್ಷ ಅವರು ಅಕ್ಟೋಬರಿನಲ್ಲಿ ಆರಂಭಿಸಿದರು. ಚಳಿ ಮುಗಿಯುವಷ್ಟರಲ್ಲಿ ಆದದ್ದು ಹನ್ನೊಂದೇ ಸೆಟ್ಟು. ಕೇಳಿ ಬಂದವರನ್ನು ಬರಿಗೈಯಲ್ಲಿ ಕಳುಹಿಸಬೇಕಾಯಿತು.

ಮರುವರ್ಷ ಏಪ್ರಿಲ್ ಬಂದಾಗ ನಮ್ಮ ಗುಂಪು ಎಂದಿನಂತೆ ಚದುರಿತು. "ಸೆಕೆ ಕಳೆಯಲಿ, ಮನಸ್ಸು ಬಂದಾಗ ನೋಡೋಣ" ಎಂದು ಎಲ್ಲರೂ ಹೇಳಿದರು. ಆಗ ಅವರು ನನ್ನೊಡನೆ ಮೆಲ್ಲಗೆ ಅಂದರು: "ಆಪಾ, ನಿಮಗೆಲ್ಲ ಮನಸ್ಸು ಬಂದ್ರೆ ಸಾಕು. ನಾನು ಮನಸ್ಸು ಬರ್ಲಿ ಅಂತ ಕೂತ್ರೆ ಜೂನ್‌ನಲ್ಲಿ ಮಗಳ ಫೀಸು ಕಟ್ಟೋರು ಯಾರು?"

ಆ ಮಾತು ನನ್ನನ್ನು ಯೋಚನೆಗೆ ಹಚ್ಚಿತು. ಹೆಣಿಗೆ ನಮ್ಮಲ್ಲಿ ಕೆಲವರಿಗೆ ಹೊತ್ತು ಕಳೆಯುವ ಹವ್ಯಾಸ, ಇನ್ನು ಕೆಲವರಿಗೆ ಮನೆಯ ಆಧಾರ. ಜೊತೆಯಲ್ಲಿ ಕುಳಿತು ಹೆಣೆಯುವವರು ಎದ್ದುಹೋದರೆ ಒಬ್ಬಳೇ ಉಳಿಯುವವಳ ಕೈಯೂ ನಿಧಾನವಾಗುತ್ತದೆ. ಅಂದಿನಿಂದ ಬೇಸಿಗೆಯಲ್ಲೂ ನಾವು ಕೂಡುವುದನ್ನು ಬಿಟ್ಟಿಲ್ಲ. ಕೂಡುವ ರೀತಿಯನ್ನು ಮಾತ್ರ ಬದಲಾಯಿಸಿಕೊಂಡಿದ್ದೇವೆ.

ಮೊದಲನೆಯದು ಸಮಯ. ಮಧ್ಯಾಹ್ನದ ಬದಲು ಫಜ್ರ್ ನಂತರದ ಒಂದು ಗಂಟೆ. ಇಡೀ ದಿನದಲ್ಲಿ ಅತ್ಯಂತ ತಂಪಾದ ಹೊತ್ತು ಅದು. ಶಾಲೆಗೆ ರಜೆಯಾದ್ದರಿಂದ ತಿಂಡಿ ಡಬ್ಬಿಯ ಅವಸರವೂ ಇಲ್ಲ. ನಮ್ಮ ಮನೆ ಮುಂದಿನ ಹೊಂಗೆ ಮರದ ಕೆಳಗೆ ಚಾಪೆ ಹಾಸಿದರೆ ಸಾಕು.

ಎರಡನೆಯದು ಕೆಲಸದ ಗಾತ್ರ. ಸ್ವೆಟರನ್ನು ಬಿಡಿಬಿಡಿಯಾಗಿ ಹೆಣೆಯುತ್ತೇವೆ. ಇಂದು ತೋಳು, ಆಮೇಲೆ ಬೆನ್ನು, ನಂತರ ಮುಂಭಾಗದ ಎರಡು ತುಂಡು. ಜೋಡಿಸುವ ಕೆಲಸ ಮಳೆಗಾಲಕ್ಕೆ. ಹೀಗಾದರೆ ಅಂಗೈಯಗಲದ ತುಂಡು ಮಾತ್ರ ಕೈಯಲ್ಲಿರುತ್ತದೆ, ತೊಡೆ ಬೆವರುವುದಿಲ್ಲ. ಅಂಗೈ ಬೆವರಿದರೆ ನೂಲು ಸೂಜಿಗೆ ಅಂಟಿಕೊಂಡು ಕುಣಿಕೆ ಬಿಗಿಯಾಗುತ್ತದೆ. ಪಕ್ಕದಲ್ಲಿ ಒಂದು ಒಣ ಕರವಸ್ತ್ರವಿರಲಿ.

ಮೂರನೆಯದು ಲೆಕ್ಕ. ಹಸುಗೂಸಿನ ಒಂದು ಸ್ವೆಟರ್ ಮತ್ತು ಟೋಪಿಗೆ ಎಲ್ಲ ತುಂಡುಗಳೂ ಸೇರಿ ಸುಮಾರು 350ರಿಂದ 400 ಸಾಲು ಬೇಕು. ದಿನಕ್ಕೆ ಹತ್ತೇ ಸಾಲು ಹೆಣೆದರೂ ಬೇಸಿಗೆ ರಜೆಯ 40-45 ದಿನಗಳಲ್ಲಿ ಒಂದು ಮಗುವಿನ ಚಳಿ ನೀಗುತ್ತದೆ. ಅಲ್ಪವಾದರೂ ನಿರಂತರವಾಗಿರುವ ಕರ್ಮ ಅಲ್ಲಾಹನಿಗೆ ಪ್ರಿಯವೆಂದು ಪ್ರವಾದಿಯವರು(ಸ) ಕಲಿಸಿದ್ದನ್ನು ಮಕ್ಕಳಿಗೆ ಹೇಳಿಕೊಡುತ್ತಲೇ ಇರುತ್ತೇವೆ. ಆ ಶಿಸ್ತು ಮನೆಗೆಲಸಕ್ಕೂ ಒಳ್ಳೆಯದೇ ಅಲ್ಲವೇ?

ನಾಲ್ಕನೆಯದು ನೂಲು. ಬಿಸಿಲು ತೀರ ಏರಿದ ದಿನಗಳಲ್ಲಿ ಉಲ್ಲನ್ ಬದಿಗಿಟ್ಟು ಹತ್ತಿ ನೂಲು ಹಿಡಿಯಬಹುದು. ಮನೆಯ ಗಂಡಸರಿಗೆ, ಮಕ್ಕಳಿಗೆ ನಮಾಝಿನ ಕ್ರೋಶಾ ಟೋಪಿ ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಮುಗಿಸಿದ ಖುಷಿ ಮುಂದಿನ ಕೆಲಸಕ್ಕೆ ಹುರುಪು ಕೊಡುತ್ತದೆ. ನೂಲು ಕೊಳ್ಳುವಾಗ ಒಂದು ಉಡುಪಿಗೆ ಬೇಕಾದಷ್ಟನ್ನೂ ಒಮ್ಮೆಗೇ ಕೊಳ್ಳಿ. ಒಂದೇ ಬಣ್ಣದ್ದಾದರೂ ಬೇರೆ ಬೇರೆ ಸಲ ಅದ್ದಿದ ನೂಲಿನ ಛಾಯೆ ಬೇರೆಯಾಗುತ್ತದೆ. 2025ರ ಆಗಸ್ಟ್‌ನಲ್ಲಿ ಮೆಟ್ರೊ ಹಳದಿ ಮಾರ್ಗ ಆರಂಭವಾದ ಮೇಲೆ ನಮಗಿದು ಸುಲಭವಾಗಿದೆ. ಬೊಮ್ಮಸಂದ್ರದಲ್ಲಿ ಹತ್ತಿ, ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿದರೆ ಚಿಕ್ಕಪೇಟೆ.

"ಹೆಣಿಗೆ ಚಳಿ ದೇಶದವರ ಕಸುಬು, ನಮ್ಮ ಬಿಸಿಲಿಗೆ ಹೇಳಿದ್ದಲ್ಲ" ಎನ್ನುವವರಿಗೆ ಚರಿತ್ರೆಯಲ್ಲೇ ಉತ್ತರವಿದೆ. ನಿಜವಾದ ಸೂಜಿ ಹೆಣಿಗೆಯಲ್ಲಿ ಇಂದು ಉಳಿದಿರುವ ಅತಿ ಹಳೆಯ ವಸ್ತುಗಳೆನಿಸಿದವು ಈಜಿಪ್ಟಿನ ಕಾಲುಚೀಲಗಳು, ಸುಮಾರು 11ರಿಂದ 14ನೇ ಶತಮಾನದವು. ಅವು ಉಣ್ಣೆಯವಲ್ಲ, ನೀಲಿ ಮತ್ತು ಬಿಳಿ ಹತ್ತಿ ನೂಲಿನವು. ಕೆಲವದರಲ್ಲಿ ಕೂಫಿ ಅಕ್ಷರಗಳನ್ನು ಹೋಲುವ ವಿನ್ಯಾಸವಿದೆ. 1275ರಲ್ಲಿ ತೀರಿಕೊಂಡ ರಾಜಕುಮಾರನೊಬ್ಬನಿಗೆ ಸ್ಪೇನಿನ ಬುರ್ಗೋಸ್ ನಗರದಲ್ಲಿರುವ ಸಮಾಧಿಯಲ್ಲಿ ರೇಷ್ಮೆಯಲ್ಲಿ ಹೆಣೆದ ದಿಂಬಿನ ಕವಚಗಳು ಸಿಕ್ಕಿವೆ. ಅವು ಮುಸ್ಲಿಂ ಕುಶಲಕರ್ಮಿಗಳ ಕೈಕೆಲಸವೆಂದು ತಿಳಿದವರು ಹೇಳುತ್ತಾರೆ. ನೈಲ್ ನದಿಯ ಬಿಸಿಲೂ ಆ ಕೈಗಳನ್ನು ತಡೆಯಲಿಲ್ಲ. ಅಷ್ಟು ದೂರ ಹೋಗುವುದೂ ಬೇಡ. ನಮ್ಮ ಮನೆಯ ಗಂಡಸರು ಬೇಸಿಗೆಯಲ್ಲಿ ತೊಡುವ ಹತ್ತಿ ಬನಿಯನ್ ಕೂಡ ಮಗ್ಗದ ಬಟ್ಟೆಯಲ್ಲ, ಯಂತ್ರದಲ್ಲಿ ಹೆಣೆದದ್ದೇ. ತಿರುಪ್ಪೂರು ಇಡೀ ಬದುಕಿರುವುದು ಇದೇ ಹೆಣಿಗೆಯ ಮೇಲೆ.

ಏಪ್ರಿಲ್‌ನಲ್ಲೇ ಸೂಜಿ ಹಿಡಿದ ಆ ಸಹೋದರಿ ಆ ವರ್ಷ 34 ಸೆಟ್ಟು ಮುಗಿಸಿದರು. ಸಿದ್ಧವಾದುದನ್ನು ಹಳೆಯ ಸೀರೆಯಲ್ಲಿ ಸುತ್ತಿ, ಒಣ ಬೇವಿನೆಲೆ ಇಟ್ಟು ಟ್ರಂಕಿನಲ್ಲಿ ಜೋಡಿಸಿದ್ದರು. ನವೆಂಬರಿನಲ್ಲಿ ಬೆಳಗಿನ ಪಾಳಿಗೆ ಹೋಗುವ ತಾಯಂದಿರು ಬಾಗಿಲು ತಟ್ಟಿದಾಗ ಯಾರನ್ನೂ ಬರಿಗೈಯಲ್ಲಿ ಕಳುಹಿಸಲಿಲ್ಲ. ಜೂನ್‌ನಲ್ಲಿ ಮಗಳ ಫೀಸನ್ನು ಆ ಹಣದಿಂದಲೇ ಕಟ್ಟಿದರು. ಯಾರ ಮುಂದೆಯೂ ಕೈಚಾಚಲಿಲ್ಲ.

ಸಹೋದರಿಯರೇ, ಸೆಕೆಯಲ್ಲಿ ಬೇಸರವಾಗುವುದು ಸಹಜ. ಒಬ್ಬರೇ ಕುಳಿತರೆ ಅದು ಇನ್ನೂ ಹೆಚ್ಚು. ಈ ಬೇಸಿಗೆಯಲ್ಲಿ ನಿಮ್ಮ ಓಣಿಯ ಇಬ್ಬರು ಮೂವರನ್ನು ಬೆಳಗಿನ ಚಹಾಕ್ಕೆ ಕರೆಯಿರಿ, ಸೂಜಿ ತರಲು ಹೇಳಿ. ನಿಮಗೆ ಅದು ಹತ್ತು ಸಾಲಿನ ಹೆಣಿಗೆ ಅಷ್ಟೇ ಇರಬಹುದು. ಪಕ್ಕದಲ್ಲಿ ಕುಳಿತವಳಿಗೆ ಅದು ಮುಂದಿನ ವರ್ಷದ ಮಗಳ ಓದಾಗಿರಬಹುದು.