ಮೂಡು ಯಾವ ಕಡೆ, ಪಡು ಯಾವ ಕಡೆ?

ಬೆಂಗಳೂರಿನಲ್ಲಿ ಆರನೇ ತರಗತಿ ಓದುವ ಮೊಮ್ಮಗ ರಜೆಗೆ ಊರಿಗೆ ಬಂದಿದ್ದ. ಬಂಟ್ವಾಳದಿಂದ ಬೆಳ್ತಂಗಡಿ, ಅಲ್ಲಿಂದ ಮೂಡುಬಿದಿರೆ ಎಂದು ಒಂದು ದಿನದ ತಿರುಗಾಟ ನಿಶ್ಚಯವಾಯಿತು. ಕಾರು ಬೇಡ, ಬಸ್ಸೇ ಆಗಬೇಕು ಎಂದು ನಾನು ಹಟ ಹಿಡಿದೆ. ಬಸ್ಸಿನ ಬೋರ್ಡು ಓದುತ್ತಾ ಹೋದರೆ ಊರಿನ ಹೆಸರು ಮರೆಯುವುದಿಲ್ಲ.

ಮೊದಲ ಪ್ರಶ್ನೆ ಬಸ್ ಹತ್ತುವ ಮೊದಲೇ ಬಂತು.

“ಅಜ್ಜ, ಬಂಟ್ವಾಳದಿಂದ ಹೊರಡುವುದು ಎಂದಿರಿ. ಇಲ್ಲಿ ಎಲ್ಲ ಕಡೆ ಬಿ.ಸಿ.ರೋಡ್ ಎಂದೇ ಬರೆದಿದೆಯಲ್ಲ?”

“ನಾನು ಓದಿದ್ದು ಬಿ.ಕಾಂ., ಈ ಊರು ಬಿ.ಸಿ.” ಎಂದು ನಕ್ಕೆ. ಬಿ.ಸಿ. ಎಂದರೆ ಬಂಟ್ವಾಳ ಕ್ರಾಸ್. ಹಳೆಯ ಬಂಟ್ವಾಳ ಪೇಟೆ ಇರುವುದು ಸ್ವಲ್ಪ ಆಚೆ, ನೇತ್ರಾವತಿಯ ದಡದಲ್ಲಿ. 1923ರಲ್ಲಿಯೂ 1974ರಲ್ಲಿಯೂ ನೆರೆ ನೀರು ನುಗ್ಗಿದ್ದು ಆ ಪೇಟೆಗೆ. ಅಡ್ಡರಸ್ತೆ ಕೂಡುವ ಈ ಜಾಗಕ್ಕೆ ಅಂಚೆಯವರು ಜೋಡುಮಾರ್ಗ ಎನ್ನುತ್ತಾರೆ, ರೈಲಿನವರು ಬಂಟ್ವಾಳ ಎನ್ನುತ್ತಾರೆ, ಬಸ್ ಕಂಡಕ್ಟರ್ ಬಿ.ಸಿ.ರೋಡ್ ಎಂದು ಕೂಗುತ್ತಾನೆ. ಜಾಗ ಒಂದೇ, ಹೆಸರು ಮೂರು!

ಬಸ್ಸಿನಲ್ಲಿ ಕುಳಿತ ಮೇಲೆ ಎರಡನೆಯ ಪ್ರಶ್ನೆ. “ನಮ್ಮದು ದಕ್ಷಿಣ ಕನ್ನಡ. ಆದರೆ ನಕ್ಷೆಯಲ್ಲಿ ಎಲ್ಲಕ್ಕಿಂತ ಕೆಳಗೆ ಇರುವುದು ಚಾಮರಾಜನಗರ. ಉತ್ತರ ಕನ್ನಡಕ್ಕಿಂತ ಎಷ್ಟೋ ಮೇಲೆ ಬೀದರ್ ಇದೆ. ಹೆಸರು ಇಟ್ಟವರಿಗೆ ಭೂಗೋಳ ಗೊತ್ತಿರಲಿಲ್ಲವಾ?”

ಗೊತ್ತಿತ್ತು ಮಗು, ಆದರೆ ಅವರ ಕೈಯಲ್ಲಿದ್ದ ನಕ್ಷೆಯೇ ಬೇರೆ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಕರಾವಳಿ ಬ್ರಿಟಿಷರ ಪಾಲಾಯಿತು. ಅವರು ಅದನ್ನು ಕೆನರಾ ಎಂದು ಕರೆದರು. ಮುಂದೆ ಅದನ್ನು ಎರಡು ಮಾಡಿ, 1862ರಲ್ಲಿ ಉತ್ತರದ ತುಂಡನ್ನು ಮುಂಬಯಿ ಪ್ರಾಂತಕ್ಕೆ ಕೊಟ್ಟರು; ದಕ್ಷಿಣದ ತುಂಡು ಮದರಾಸಿನಲ್ಲೇ ಉಳಿಯಿತು. ಉತ್ತರ, ದಕ್ಷಿಣ ಎಂಬುದು ಆ ಹಳೆಯ ಕೆನರಾದ ಲೆಕ್ಕ. ಇಡೀ ಕರ್ನಾಟಕದ ಲೆಕ್ಕವಲ್ಲ. 1956ರಲ್ಲಿ ಎರಡೂ ಮೈಸೂರು ರಾಜ್ಯಕ್ಕೆ ಸೇರಿದವು. ಆದರೆ ದಕ್ಷಿಣ ಕನ್ನಡದ ದಕ್ಷಿಣ ತುದಿಯಾಗಿದ್ದ ಕಾಸರಗೋಡು ಕೇರಳಕ್ಕೆ ಹೋಯಿತು. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು.

ದೇಶದಲ್ಲಿಯೂ ಇಂಥದ್ದು ಉಂಟು. ಉತ್ತರ ಪ್ರದೇಶಕ್ಕಿಂತ ಉತ್ತರಕ್ಕೆ ಹಿಮಾಚಲವಿದೆ, ಕಾಶ್ಮೀರವಿದೆ. ಬ್ರಿಟಿಷರ ಕಾಲದಲ್ಲಿ ಅದು ಯುನೈಟೆಡ್ ಪ್ರಾವಿನ್ಸಸ್, ಚಿಕ್ಕದಾಗಿ ಯು.ಪಿ. 1950ರಲ್ಲಿ ಹೊಸ ಹೆಸರು ಬಂದಾಗಲೂ ಯು.ಪಿ. ಹಾಗೆಯೇ ಉಳಿಯಿತು. ಇನ್ನು ಮಂಗಳೂರಿನಿಂದ ಕೋಝಿಕ್ಕೋಡಿಗೆ ರೈಲಿನಲ್ಲಿ ಹೋಗುವಾಗ ಮಾಹೆ ಸಿಗುತ್ತದೆ. ಸುತ್ತ ಕೇರಳ, ಮಾಹೆ ಮಾತ್ರ ಪುದುಚೇರಿಗೆ ಸೇರಿದ್ದು. ಆಂಧ್ರದ ಕಾಕಿನಾಡದ ಬಳಿಯ ಯಾನಂ ಕೂಡ ಪುದುಚೇರಿಯದ್ದೇ. ಹಿಂದೆ ಇವೆಲ್ಲ ಫ್ರೆಂಚರ ಕೈಯಲ್ಲಿದ್ದವು, ಅದಕ್ಕೇ ಈ ದೂರದ ನೆಂಟಸ್ತನ.

ಅಷ್ಟರಲ್ಲಿ ಬೆಳ್ತಂಗಡಿ ಬಂತು. ನಮ್ಮ ಕಡೆ ಅಂಗಡಿ ಎಂದು ಮುಗಿಯುವ ಊರುಗಳು ಹಲವು. ನೇತ್ರಾವತಿ, ಕುಮಾರಧಾರಾ ಕೂಡುವಲ್ಲಿ ಉಪ್ಪಿನಂಗಡಿ. ಹೊಸಂಗಡಿಯಂತೂ ಒಂದಲ್ಲ: ಬೆಳ್ತಂಗಡಿ ತಾಲೂಕಿನಲ್ಲಿ ಒಂದು, ಕುಂದಾಪುರದ ಕಡೆ ಘಟ್ಟದ ಬುಡದಲ್ಲಿ ಒಂದು, ಕೇರಳಕ್ಕೆ ಸೇರಿದ ಮಂಜೇಶ್ವರದ ಬಳಿ ಇನ್ನೊಂದು. ವಿಳಾಸದಲ್ಲಿ ತಾಲೂಕು ಬರೆಯದಿದ್ದರೆ ಕಾಗದ ಊರೂರು ಸುತ್ತಿ ಬಂದೀತು. ಹಾಗೆ ಸುತ್ತಿಸಿದ ಪಾಪ ನನ್ನ ತಲೆಯ ಮೇಲೂ ಒಂದಿದೆ.

1978ರ ಮೇ ತಿಂಗಳು. ಆಗ ನಾನು ಮುಂಬಯಿಯ ಒಂದು ಬ್ಯಾಂಕ್ ಶಾಖೆಯಲ್ಲಿ ಗುಮಾಸ್ತ. ಹೋಟೆಲಿನಲ್ಲಿ ಕೆಲಸ ಮಾಡುವ ಹುಡುಗನೊಬ್ಬ ಊರಿನಲ್ಲಿದ್ದ ತಾಯಿಯ ಖಾತೆಗೆ 250 ರೂಪಾಯಿ ಕಳುಹಿಸಲು ಬಂದ. ಮಳೆ ಹಿಡಿಯುವ ಮೊದಲು ಮನೆಯ ಮಾಡಿಗೆ ಮುಳಿಹುಲ್ಲು ಹೊದೆಸಬೇಕಿತ್ತು. ಆಗ ಇಂಥ ಹಣ ಟಪಾಲಿನ ಮೂಲಕ ಶಾಖೆಯಿಂದ ಶಾಖೆಗೆ ಹೋಗುತ್ತಿತ್ತು. ಹುಡುಗ ಹೇಳಿದ್ದು ಮೂಡುಬಿದಿರೆ. ನಾನು ಲಕೋಟೆಯ ಮೇಲೆ ಬರೆದದ್ದು ಪಡುಬಿದ್ರಿ. ಅಲ್ಲಿಯೂ ನಮ್ಮ ಶಾಖೆ ಇತ್ತು. ಅಲ್ಲಿ ಆ ಹೆಸರಿನ ಖಾತೆ ಇಲ್ಲ. ಕಾಗದ ಮುಂಬಯಿಗೆ ಮರಳಿ, ಮತ್ತೆ ಮೂಡುಬಿದಿರೆಗೆ ಹೋಗಿ ಸೇರುವಾಗ ಜೂನ್ ನಡುವಾಗಿತ್ತು. ಮಳೆ ಕಾಯಲಿಲ್ಲ.

ಐದು ವರ್ಷದ ಬಳಿಕ ನನಗೆ ಮೂಡುಬಿದಿರೆಗೇ ವರ್ಗವಾಯಿತು. ಒಂದು ದಿನ ಒಬ್ಬರು ವೃದ್ಧೆ ಹೆಬ್ಬೆಟ್ಟು ಒತ್ತಲು ಕೌಂಟರಿಗೆ ಬಂದರು. ಪಾಸ್‌ಬುಕ್ಕಿನ ಹೆಸರು ನೋಡಿದ ಕೂಡಲೇ ನನ್ನ ಕೈ ನಿಂತಿತು. ತಪ್ಪು ಒಪ್ಪಿಕೊಂಡೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಆ ವರ್ಷ ಒಲೆಯ ಮೇಲೆಯೇ ನೀರು ಬಿತ್ತು” ಎಂದರು. ಆಮೇಲೆ ತುಳುವಿನಲ್ಲಿ ಹೇಳಿದ ಮಾತಿನ ಅರ್ಥ ಇದು: “ಸೂರ್ಯ ಮೂಡುವ ಕಡೆ ಮೂಡು, ಕಡಲಿನ ಕಡೆ ಪಡು. ಇಷ್ಟನ್ನು ನಿಮಗೆ ಶಾಲೆಯಲ್ಲಿ ಕಲಿಸಲಿಲ್ಲವಾ ಮಗಾ?”

ಓದು ಬರಹ ಇಲ್ಲದ ಆ ಅಮ್ಮ ನನಗೆ ಭೂಗೋಳ ಕಲಿಸಿದರು. ಅಂದಿನಿಂದ ನಿವೃತ್ತಿಯವರೆಗೆ ಊರಿನ ಹೆಸರನ್ನು ಗಿರಾಕಿಯ ಎದುರಿಗೆ ಗಟ್ಟಿಯಾಗಿ ಓದದೆ ಒಂದು ಲಕೋಟೆಯನ್ನೂ ನಾನು ಮುಚ್ಚಲಿಲ್ಲ.

ಮೊಮ್ಮಗನೊಡನೆ 1430ರ ಸಾವಿರ ಕಂಬದ ಬಸದಿ ನೋಡಿದೆ. ಬಿದಿರಿನ ಊರಾದ್ದರಿಂದ ಮೂಡುಬಿದಿರೆಗೆ ಸಂಸ್ಕೃತದಲ್ಲಿ ವೇಣುಪುರ ಎಂಬ ಹೆಸರೂ ಉಂಟು ಎಂದೆ. ಅವನ ಗಮನ ಬೇರೆ ಕಡೆ ಇತ್ತು. ಇಳಿಬಿಸಿಲಿನತ್ತ ಬೆರಳು ಮಾಡಿ, “ಅಜ್ಜ, ಹಾಗಾದರೆ ಪಡುಬಿದ್ರಿ ಆ ಕಡೆ!” ಎಂದ. ಸರಿಯಾಗಿಯೇ ತೋರಿಸಿದ್ದ. ಮತ್ತೆ ಸ್ವಲ್ಪ ಯೋಚಿಸಿ, “ಅರುಣಾಚಲ ಎಂದರೆ ಇಡೀ ದೇಶದ ಮೂಡು, ಅಲ್ಲವಾ?” ಎಂದು ಕೇಳಿದ. ನನಗೂ ಹೊಳೆಯದ ಮಾತು ಅದು.

ಮಕ್ಕಳೇ, ಮೂಡು ಪೂರ್ವ, ಪಡು ಪಶ್ಚಿಮ, ಬಡಗು ಉತ್ತರ, ತೆಂಕು ದಕ್ಷಿಣ. ಯಕ್ಷಗಾನದ ಬಡಗುತಿಟ್ಟು, ತೆಂಕುತಿಟ್ಟು ನೆನಪಿಟ್ಟುಕೊಂಡರೆ ಸಾಕು. ಬಂಟ್ವಾಳದ ಬಡಗಬೆಳ್ಳೂರು, ತೆಂಕಬೆಳ್ಳೂರುಗಳನ್ನು ನಕ್ಷೆಯಲ್ಲಿ ಹುಡುಕಿ. ಆಮೇಲೆ ನಿಮ್ಮ ಊರಿನ ಹೆಸರಿನೊಳಗೆ ಏನಿದೆ ಎಂದು ಮನೆಯ ಅಜ್ಜ ಅಜ್ಜಿಯರನ್ನು ಕೇಳಿ. ಅವರಿಗೂ ಯಾರಾದರೂ ಕೇಳಲಿ ಎಂಬ ಆಸೆ ಇರುತ್ತದೆ.